ಬಿಡುವ ಉಸಿರು

ಅನಕಾಪಲ್ಲಿ ದಾಟುವ ಹೊತ್ತಿಗೆ ಶ್ರೀಪಾದನಿಗೆ ತಾನು ಉಸಿರಾಡುತ್ತಿರುವುದು ಗೊತ್ತಾಗತೊಡಗಿತು. ಅದೇ ಅವನಿಗೆ ಬೇಡವಾಗಿತ್ತು. ಇಷ್ಟು ವರ್ಷ ತನ್ನ ಪಾಡಿಗೆ ತಾನು ಬಂದುಹೋಗುತ್ತಿದ್ದ ಉಸಿರು ಹೋದ ತಿಂಗಳಿನಿಂದ, ಕರೆಯದೆ ಬಂದು ಕೂತ ಬೀಗರ ಹಾಗೆ, ಗಳಿಗೆಗೊಮ್ಮೆ ತನ್ನನ್ನು ವಿಚಾರಿಸಿಕೊಳ್ಳಬೇಕು ಎನ್ನುತ್ತಿತ್ತು. ವಿಚಾರಿಸಿದರೆ ಇನ್ನಷ್ಟು ಬಿಗುಮಾನ. ಅವನು ರೈಲಿನ ಕಿಟಕಿಗೆ ಭುಜ ಆನಿಸಿ, ಎಡಗೈಯನ್ನು ಅಂಗಿಯ ಮೇಲೆ ಹೊಕ್ಕುಳಿನ ಹತ್ತಿರ ಇಟ್ಟುಕೊಂಡು, ಮೂಗಿನಿಂದ ಮೆಲ್ಲಗೆ ಗಾಳಿ ಎಳೆದ. ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆ ಅಲುಗಬಾರದು. ಎದೆಯೇ ಮೊದಲು ಎದ್ದಿತು. ಎದುರಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು ಯಾವುದೋ ಮದುವೆಗೆ ಹೊರಟಂತಿದ್ದ ಹೆಂಗಸು ಬಹಳ ಹೊತ್ತಿನಿಂದ ಅವನ ಕೈಯನ್ನೇ ನೋಡುತ್ತಿದ್ದವಳು, "ಗ್ಯಾಸಾ ಅಂಡಿ?" ಎಂದು ಮರುಕದಿಂದ ಕೇಳಿದಳು. ಉತ್ತರಕ್ಕೆ ಕಾಯದೆ ಚೀಲದಿಂದ ಒಂದು ಡಬ್ಬಿ ತೆಗೆದು ಓಮಿನ ಪುಡಿಯನ್ನು ಅವನ ಅಂಗೈಗೆ ಸುರಿದಳು. ಅವನು ಬಾಯಿಗೆ ಹಾಕಿಕೊಂಡ. ನಾಲಗೆ ಉರಿಯಿತು. ಪಕ್ಕದಲ್ಲಿದ್ದ ಹೆಂಡತಿ ದಾಕ್ಷಾಯಣಿ ಕಿವಿಯ ಹತ್ತಿರ ಬಾಗಿ, "ಬ್ಯಾಡ ಅನ್ನಾಕ ಏನಾಗಿತ್ರಿ ನಿಮಗ?" ಎಂದಳು.

ಬೇಡ ಎನ್ನಲು ಏನಾಗಿತ್ತು? ವಿಜಯವಾಡದಿಂದ ಶ್ರೀರಕ್ಷಾ ಫೋನು ಮಾಡಿದಾಗಲೂ ಅವನು ಹೀಗೇ, ಅಂಗೈ ಒಡ್ಡಿದ ಹಾಗೆ, ಆತು ಎಂದಿದ್ದ. ಶ್ರೀರಕ್ಷಾ ಅವನ ತಮ್ಮ ವಿನಯನ ಹೆಂಡತಿ. ವಿನಯ ಬ್ಯಾಂಕಿನವನು, ಗದಗಿನಿಂದ ವರ್ಗವಾಗಿ ವಿಜಯವಾಡಕ್ಕೆ ಬಂದವನು, ಒಂದು ಹನಿ ಕುಡಿಯದವನು. ಆದರೂ ಅವನ ದೇಹ ತನ್ನ ಲಿವರನ್ನೇ ಪರಕೀಯವೆಂದು ತಿಳಿದು ಒಳಗೊಳಗೇ ತಿಂದುಹಾಕಿತ್ತು. ಬೇರೆಯವರ ಲಿವರಿನ ಒಂದು ಭಾಗ ಕತ್ತರಿಸಿ ಹಾಕಬೇಕು, ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದೆ, ರಕ್ತ ಹೊಂದುವವರು ಮನೆಯಲ್ಲಿ ನೀವೊಬ್ಬರೇ ಭಾವಾ ಎಂದು ಆಕೆ ಒಂದೇ ಉಸಿರಿನಲ್ಲಿ ಹೇಳಿದ್ದಳು. ಶ್ರೀಪಾದ ಆಗ ವಿಶಾಖಪಟ್ಟಣದಲ್ಲಿ, ತಾನು ಕೆಲಸ ಮಾಡುವ ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನ ಹೊರಗೆ ನಿಂತಿದ್ದ. ಕೈಯಲ್ಲಿ ಇಡ್ಲಿಯ ತಟ್ಟೆ ಇತ್ತು. ಆತು ಎಂದವನೇ ಉಳಿದ ಇಡ್ಲಿಯನ್ನೂ ತಿಂದಿದ್ದ. ತಾನು ತಿಂದದ್ದು ಧೈರ್ಯದಿಂದಲೋ, ಹೇಳಿದ್ದು ಇನ್ನೂ ತಲೆಗೆ ಇಳಿದಿರಲಿಲ್ಲವೋ? ಕೆಲವು ದಿನಗಳಲ್ಲೇ ಬಳಗದವರೆಲ್ಲ ಫೋನು ಮಾಡಿ, ಶ್ರೀಪಾದಾ, ನೀ ದೇವರಾದಿ ಅಂದರು. ಅವನ ಲಿವರಿನ ವಿಚಾರ ಊರಿನವರ ನಡುವೆ ತೀರ್ಮಾನವಾಗಿ ಹೋಗಿತ್ತು. ವಿನಯ ಮಾತ್ರ ಫೋನು ಮಾಡಲಿಲ್ಲ. ಯುಗಾದಿಗೆ ಒಮ್ಮೆ, ಅಪ್ಪನ ತಿಥಿಗೆ ಒಮ್ಮೆ ಮಾತಾಡುವ ಅಣ್ಣತಮ್ಮಂದಿರು ಅವರು. ಆದರೂ ಅವನಾಗಿ ಒಂದು ಮಾತು ಕೇಳಬಹುದಿತ್ತು. ಕೇಳಿಸಿಕೊಳ್ಳಲಿಕ್ಕೆ ಶ್ರೀಪಾದ ಎಷ್ಟೋ ಸಂಜೆ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದ.

ಆಮೇಲೆ ವಿಶಾಖಪಟ್ಟಣದ ಆ ಸ್ಕ್ಯಾನಿಂಗ್ ಸೆಂಟರು. ಶ್ರೀರಕ್ಷಾ ಅದಕ್ಕೆಂದೇ ಬಂದಿದ್ದಳು. ಬೆಳಿಗ್ಗೆ ಸಿಂಹಾಚಲಂ ಬೆಟ್ಟ ಹತ್ತಿ ಹರಕೆ ಹೊತ್ತು, ಅಲ್ಲಿಂದ ತಂದ ಗಂಧವನ್ನು ಅವನ ಹಣೆಗೆ ತಾನೇ ಇಟ್ಟಿದ್ದಳು. ಎಂಆರ್‌ಐ ಎಂದರೆ ಒಂದು ಯಂತ್ರ, ಅಷ್ಟೇ ಎಂದು ಅವನು ಆಕೆಗೇ ಧೈರ್ಯ ಹೇಳಿದ್ದ. ಊದುಕುಲುಮೆಯ ಮೇಲಿನ ಏಣಿಗಳನ್ನು ಹತ್ತಿಳಿಯುವ ಎಂಜಿನಿಯರು ಅವನು. ಹಲಗೆಯ ಮೇಲೆ ಮಲಗಿಸಿ ಒಳಗೆ ದೂಡಿದರು. ಮೂಗಿನಿಂದ ಗೇಣುದ್ದ ಮೇಲೆ ಬಿಳಿಯ ಕಮಾನು. ಅದು ಕೆಳಗಿಳಿಯುತ್ತಿದೆ ಎನಿಸಿತು. ಇಳಿಯುತ್ತಿಲ್ಲ ಎಂದು ಗೊತ್ತಿದ್ದೂ ಇಳಿಯಿತು. ಗಾಳಿ ಇದ್ದೂ ಇಲ್ಲವಾಯಿತು. ತಡೆಯಲಾಗದಿದ್ದರೆ ಒತ್ತಿ ಎಂದು ಕೈಯಲ್ಲಿ ಕೊಟ್ಟಿದ್ದ ರಬ್ಬರು ಗುಂಡಿಯನ್ನು ಒತ್ತಿದ್ದು ಅವನಿಗೆ ನೆನಪಿಲ್ಲ. ತಾನು ಕೂಗಿದ್ದು ನೆನಪಿದೆ, ಕೂಗಿದ್ದು ಅವ್ವಾ ಎಂದು. ಹಿಂದೆ ಲಾಡಿ ಬಿಚ್ಚಿದ ಆಸ್ಪತ್ರೆಯ ನಿಲುವಂಗಿಯಲ್ಲಿ ಬಾಗಿಲು ತಳ್ಳಿಕೊಂಡು ಅವನು ಹೊರಗಿನ ಕುರ್ಚಿಗಳವರೆಗೆ ಬಂದುಬಿಟ್ಟಿದ್ದ. ಕೂತಿದ್ದವರು ಸಭ್ಯತೆಯಿಂದ ಗೋಡೆಯ ಕಡೆ ನೋಡಿದರು. ದಾಕ್ಷಾಯಣಿ ತನ್ನ ಸೆರಗನ್ನೇ ಬಿಚ್ಚಿ ಹಿಂದಿನಿಂದ ಹಿಡಿದಳು. "ಇರ್ಲಿ ಬಿಡ್ರಿ ಭಾವಾ, ಎಲ್ಲಾರ್ಗೂ ಆಗೂದಿಲ್ಲ ಅದು" ಎಂದ ಶ್ರೀರಕ್ಷಾಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ಇದನ್ನು ಮೊದಲೇ ಲೆಕ್ಕ ಹಾಕಿಕೊಂಡಿದ್ದವಳ ದಣಿವು ಅಲ್ಲಿತ್ತು.

ಇಷ್ಟೇ ಆಗಿದ್ದರೆ ನಾಚಿಕೆ ಎಂದು ನುಂಗಿಕೊಳ್ಳಬಹುದಿತ್ತು. ಆದರೆ ಆ ಮಧ್ಯಾಹ್ನ ಕಾರ್ಖಾನೆಯ ಟೌನ್‌ಶಿಪ್ಪಿನ ಮನೆಗೆ ಬಂದು ಮಲಗಿದವನಿಗೆ ಎಷ್ಟೋ ವಾರಗಳ ನಂತರ ಗಾಢವಾದ ನಿದ್ದೆ ಬಂದಿತ್ತು. ಎಚ್ಚರವಾದಾಗ ಬಾಯಿಯಿಂದ ಜೊಲ್ಲು ಸುರಿದು ದಿಂಬು ಒದ್ದೆಯಾಗಿತ್ತು. ಮೈ ಹಗುರಾಗಿತ್ತು. ಸದ್ಯ, ಆಗಲಿಲ್ಲ ಎಂದು ಒಳಗೆ ಯಾರೋ ಅಂದರು. ಆ ದನಿಯನ್ನು ಅವನು ಯಾರಿಗೂ ಹೇಳಲಿಲ್ಲ. ಹೆದರಿದ್ದು ಯಂತ್ರಕ್ಕೋ, ಕೊಡುವುದಕ್ಕೋ? ಮನಸ್ಸಿಗೆ ಬೇಡವಾದದ್ದನ್ನು ಶ್ವಾಸಕೋಶದ ಬಾಯಿಂದ ಹೇಳಿಸಿದೆನೋ? ಬಾಲ್ಯದಲ್ಲಿ ಯಾರೂ ಅವನನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿರಲಿಲ್ಲ, ಅವನು ಬಾವಿಗೆ ಬಿದ್ದಿರಲಿಲ್ಲ. ನೆಪ ಮಾಡಿಕೊಳ್ಳಲು ಒಂದು ಕಥೆಯೂ ಅವನಲ್ಲಿ ಇರಲಿಲ್ಲ. ತಿಳಿಯಬೇಕಾದರೆ ಒಂದೇ ದಾರಿ: ಆ ಯಂತ್ರದೊಳಗೆ ಮತ್ತೆ ಹೋಗಬೇಕು, ಹೋಗಿ ಹೊರಗೆ ಬಾರದೆ ಇರಬೇಕು. ಭಯ ತೆಗೆದುಹಾಕಿದ ಮೇಲೆ ತಳದಲ್ಲಿ ಏನು ಉಳಿಯುತ್ತದೋ ಅದೇ ತನ್ನ ಉತ್ತರ. ಮರುದಿನವೇ ಅವನು ವಿಜಯವಾಡದ ಆಸ್ಪತ್ರೆಗೆ ಫೋನು ಮಾಡಿ, ನಿಮ್ಮಲ್ಲಿಯೇ ಬಂದು ಸ್ಕ್ಯಾನು ಮಾಡಿಸಿಕೊಳ್ಳುತ್ತೇನೆ, ನನಗೆ ಸ್ವಲ್ಪ ದಿನ ಕೊಡಿ ಎಂದ. ಮಂಪರಿನ ಇಂಜೆಕ್ಷನ್ ಕೊಡಬಹುದಲ್ಲ ಎಂದು ಕೇಳಿದ್ದಕ್ಕೆ, ಲಿವರಿನ ಚಿತ್ರಕ್ಕೆ ನೀವೇ ಉಸಿರು ಹಿಡಿದು ಬಿಡಬೇಕು, ಎಚ್ಚರದಲ್ಲೇ ಇರಬೇಕು ಎಂದರು.

ಉಸಿರಾಟ ಕಲಿಯಲು ಅವನನ್ನು ಹೈಮಾವತಿಯವರ ಬಳಿಗೆ ಕಳಿಸಿದವಳು ದಾಕ್ಷಾಯಣಿ. ಹೈಮಾವತಿ ಟೌನ್‌ಶಿಪ್ಪಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವರು, ಹಿಂದಿನ ಬೀದಿಯಲ್ಲೇ ಮನೆ. ಸಂಜೆ ವರಾಂಡದ ಚಾಪೆಯ ಮೇಲೆ ಅವನನ್ನು ಅಂಗಾತ ಮಲಗಿಸಿ, ಒಂದು ಕೈ ಎದೆಗೆ, ಒಂದು ಕೈ ಹೊಟ್ಟೆಗೆ ಎಂದು ಶುರುಮಾಡಿದರು. ಅವನು ಪರೀಕ್ಷೆಗೆ ಓದುವವನಂತೆ ಉಸಿರೆಳೆದ. ಪರವಾಡದ ಔಷಧ ಕಂಪನಿಗಳ ಬಸ್ಸುಗಳು ಪಾಳಿ ಮುಗಿಸಿದವರನ್ನು ತುಂಬಿಕೊಂಡು ಗೇಟಿನ ಮುಂದೆ ಹಾಯುತ್ತಿದ್ದವು. ಕಿಟಕಿಯಿಂದ ನೋಡಿದವರು ಏನೆಂದುಕೊಳ್ಳುತ್ತಾರೋ ಎಂದು ಅವನು ಕಣ್ಣು ಮುಚ್ಚಿದ. ಮುಚ್ಚಿದ ಕೂಡಲೆ ಬಿಳಿಯ ಕಮಾನು ಬಂತು. ಎದ್ದು ಕೂತು, ಬೆವರೊರೆಸಿ, ಮತ್ತೆ ಮಲಗಿದ. ಇನ್ನೂ ಜೋರಾಗಿ ಎಳೆದ. ತಲೆ ತಿರುಗಿತು. "ಶ್ರೀಪಾದ ಗಾರೂ, ಉಸಿರಿನ ಜೊತೆ ಕುಸ್ತಿ ಹಿಡಿದಿದ್ದೀರಿ" ಎಂದು ಅವರು ತೆಲುಗಿನಲ್ಲಿ ನಕ್ಕರು. "ತೆಗೆದುಕೊಳ್ಳುವುದು ತಾನೇ ಆಗುತ್ತದೆ. ನೀವು ಬಿಡುವುದನ್ನು ಮಾತ್ರ ನೋಡಿಕೊಳ್ಳಿ. ಬಿಸಿ ಹಾಲು ಆರಿಸುವ ಹಾಗೆ ತುಟಿ ಮಾಡಿ, ಉದ್ದಕ್ಕೆ ಬಿಡಿ. ಎಳೆದದ್ದಕ್ಕಿಂತ ಉದ್ದ. ಕಂಗಾರು ಪಡಕಂಡಿ, ಗಾಬರಿಯಾಗಬೇಡಿ." ಗಾಬರಿ ಬಂದರೆ ಏನು ಮಾಡಲಿ ಎಂದು ಅವನು ಕೇಳಿದ. ಬರಲಿ, ನೀವು ಬಿಡುತ್ತಾ ಇರಿ ಎಂದರು. ಗಾಬರಿ ಹೋಗುತ್ತದೆಯೇ? "ಕೆಲವೊಮ್ಮೆ ಹೋಗುತ್ತದೆ. ಕೆಲವೊಮ್ಮೆ ಪಕ್ಕಕ್ಕೆ ಸರಿದು ಕೂರುತ್ತದೆ. ಎರಡೂ ನಡೆಯುತ್ತದೆ."

ಮನೆಯಲ್ಲಿ ಅಭ್ಯಾಸಕ್ಕೆ ಅವನು ಕಂಡುಕೊಂಡ ಜಾಗ ಮಂಚದ ಕೆಳಗೆ. ಅಲ್ಲಿದ್ದ ಟ್ರಂಕುಗಳನ್ನು ಹೊರಗೆಳೆದು, ಚಾದರ ಹಾಸಿ, ಬೆನ್ನ ಮೇಲೆ ತೆವಳಿ ಒಳಗೆ ಹೋಗುತ್ತಿದ್ದ. ಮೂಗಿನ ಮೇಲೆ ಹಲಗೆ, ಹಲಗೆಯ ಸಂದಿಯಲ್ಲಿ ಹಳೆಯ ಜೇಡರ ಬಲೆ. ಮೊದಲ ದಿನ ಕ್ಷಣವೂ ಇರಲಾರದೆ ಹಣೆ ಬಡಿಸಿಕೊಂಡು ಹೊರಬಿದ್ದ. ದಾಕ್ಷಾಯಣಿ ಅಡುಗೆಮನೆಯಿಂದ ಬಂದು ಊದಿದ ಹಣೆಗೆ ಅರಿಸಿನ ಹಚ್ಚಿದಳು. "ಆ ಯಂತ್ರ ಭಾಳ ಸಪ್ಪಳ ಮಾಡ್ತದಲ್ಲ?" ಎಂದು ಕೇಳಿದಳು. ಮಾಡ್ತದ ಎಂದ. ಮರುದಿನ ಅವನು ಮಂಚದ ಕೆಳಗೆ ಹೋದಾಗ ಅವಳು ಒಂದು ಸ್ಟೀಲಿನ ತಾಟು, ಸೌಟು ಹಿಡಿದು ಅದೇ ಮಂಚದ ಮೇಲೆ ಕೂತು ಬಾರಿಸತೊಡಗಿದಳು. ಡಂಗ್ ಡಂಗ್ ಡಂಗ್. ನಿಲ್ಲಿಸುವಳು, ಮತ್ತೆ ಬೇರೆ ತಾಳ. ಕೆಳಮನೆಯವರು ಏನಾಯ್ತಂಡೀ ಎಂದು ಕೇಳಲು ಬಂದರು. ಅವಳು ಪೂಜೆ ಎಂದಳು. ಅವಳ ಭಾರಕ್ಕೆ ಹಲಗೆ ಬಾಗಿ ಅವನ ಮೂಗಿಗೆ ಇನ್ನೂ ಹತ್ತಿರ ಬರುತ್ತಿತ್ತು. ಅವನು ತುಟಿ ಚೂಪು ಮಾಡಿ ಬಿಡುತ್ತಿದ್ದ. ದಿನ ಕಳೆದ ಹಾಗೆ ಹೊಟ್ಟೆಯ ಮೇಲಿನ ಕೈ ತಾನೇ ಏಳತೊಡಗಿತು. ಒಂದು ಮಧ್ಯಾಹ್ನ ತಾಟಿನ ಸಪ್ಪಳ ನಿಂತು ಎಷ್ಟೋ ಹೊತ್ತಾದರೂ ಅವನು ಹೊರಗೆ ಬರಲಿಲ್ಲ. ಬಂದು ನೋಡಿದರೆ ಅವಳು ಸೌಟನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದಳು. ಏನು ಎಂದು ಅವನು ಕೇಳಲಿಲ್ಲ. ತಾನು ಗೆದ್ದ ಖುಷಿಯಲ್ಲಿದ್ದ.

ಗೋದಾವರಿಯ ಸೇತುವೆಯ ಮೇಲೆ ರೈಲು ನಿಧಾನವಾಯಿತು. ರೇಷ್ಮೆ ಸೀರೆಯ ಹೆಂಗಸು ಕೈಮುಗಿದು ನೀರಿಗೆ ನಾಣ್ಯ ಎಸೆದಳು. ದಾಕ್ಷಾಯಣಿಯೂ ಕೈಮುಗಿದಳು, ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಶ್ರೀಪಾದ ಉದ್ದಕ್ಕೆ ಉಸಿರು ಬಿಟ್ಟ. ವಿಜಯವಾಡದಲ್ಲಿ ಇಳಿದಾಗ ಬಿಸಿಲು ಕೃಷ್ಣೆಯ ಕಡೆಯಿಂದ ಕುದಿಯುವ ಅನ್ನದ ಹಬೆಯಂತೆ ಮುಖಕ್ಕೆ ಹೊಡೆಯಿತು.

ವಿನಯ ಬಾಗಿಲಿಗೆ ಬರಲಿಲ್ಲ. ಒಳಗಿನ ಕೋಣೆಯಲ್ಲಿ, ಪರದೆ ಎಳೆದ ಮಬ್ಬಿನಲ್ಲಿ, ದಿಂಬಿಗೆ ಒರಗಿ ಕೂತಿದ್ದ. ಮನೆ ತುಂಬ ನಗುತ್ತಿದ್ದವನು, ಅವ್ವನ ಮುದ್ದಿನವನು, ಈಗ ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತಿದ್ದ. ಕಣ್ಣಿನ ಬಿಳಿಯೇ ಉಳಿದಿರಲಿಲ್ಲ. ಮೈ ತುರಿಕೆಗೆ ತೋಳಿನ ತುಂಬ ಉಗುರಿನ ಗೀರುಗಳು. "ಬಾ ಅಣ್ಣಾ, ಕೂಡು" ಎಂದ. ರೈಲು ಹೊತ್ತಿಗೆ ಸರಿಯಾಗಿ ಬಂತೇ, ಊಟ ಆಯಿತೇ ಎಂದೆಲ್ಲ ಮುಗಿಯಿತು. ಶ್ರೀಪಾದನಿಗೆ ತನ್ನೊಳಗಿನ ಹಳೆಯ ಕಹಿ ನೆನಪಾಯಿತು. ಸಾಯುವವನ ಮುಂದೆಯೂ ಬಿಡದ ಕಹಿ. ತಡೆಯಲಾರದೆ ಕೇಳಿಯೇಬಿಟ್ಟ, "ನೀನಾಗೇ ಒಂದ್ ಸಲ ಫೋನ್ ಮಾಡ್ಲಿಲ್ಲಲ್ಲೋ."

ವಿನಯ ತೋಳು ಕೆರೆಯುವುದನ್ನು ನಿಲ್ಲಿಸಿದ. "ಏನಂತ ಮಾಡ್ಲಿ? ಕೊಡು ಅಂತ ನಾ ಕೇಳಿದ್ರ ನಿನಗ ಒಲ್ಲೆ ಅನ್ನಾಕ ಬರೂದಿಲ್ಲ. ನೀ ಸಣ್ಣಾಂವ ಇದ್ದಾಗಿಂದ್ಲೂ ಹಂಗ. ಅದಕ್ಕ ಕೇಳ್ಲಿಲ್ಲ." ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡು, "ಆವತ್ತು ನೀ ಯಂತ್ರದಿಂದ ಎದ್ದು ಬಂದಿ ಅಂತ ರಕ್ಷಾ ಹೇಳಿದ್ಲು. ಖರೇ ಹೇಳ್ತೀನಿ, ಅಣ್ಣಾ, ನನಗ ಸಿಟ್ಟೂ ಬಂತು, ಹಗುರೂ ಆತು. ಬದುಕಬೇಕು ಅಂತ ಭಾಳ ಆಸೆ ಅದ. ಆದ್ರ ನಿನ್ನ ಕೊಯ್ಸಿ ಬದುಕೂದು..." ಎಂದವನು ಮಾತು ಮುಗಿಸದೆ ಮತ್ತೆ ತುರಿಸಿಕೊಂಡ.

ಹಗುರಾಯಿತು! ತಾನು ಮುಚ್ಚಿಟ್ಟುಕೊಂಡು ತಿರುಗಿದ ಅದೇ ಮಾತನ್ನು ಇವನು ದಿಂಬಿಗೆ ಒರಗಿಕೊಂಡು ಹೇಳಿಬಿಟ್ಟನಲ್ಲ! ಶ್ರೀಪಾದ ಎದ್ದು ಹೋಗಿ ಪರದೆ ಸರಿಸಿದ. ಮತ್ತೆ ಬಂದು ತಮ್ಮನ ಪಾದದ ಹತ್ತಿರ ಕೂತ. ಕರುಣೆ ಉಕ್ಕಿ ಬರಲಿಲ್ಲ. ಪ್ರೀತಿ ಎಂದು ಹೆಸರಿಡಬಹುದಾದ ಯಾವುದೂ ಬರಲಿಲ್ಲ. ಇಷ್ಟೇ ಅನಿಸಿತು: ಇವನು ನನಗೆ ಬೇಡ ಎನ್ನುವ ಜಾಗ ಬಿಟ್ಟಿದ್ದಾನೆ. ಆ ಜಾಗದಲ್ಲಿ ನಿಂತು ನಾನೇ ಒಂದು ಮಾತು ಹೇಳಬೇಕು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಬಿಳಿಯ ಬಾಯಿ. ಈ ಸಲ ಲಾಡಿಗಳನ್ನು ದಾಕ್ಷಾಯಣಿಯೇ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದ್ದಳು. ಹೊಟ್ಟೆಯ ಮೇಲೆ ಪಟ್ಟಿ ಬಿಗಿದರು, ಕಿವಿಗೆ ಹೆಡ್‌ಫೋನು, ಕೈಯಲ್ಲಿ ರಬ್ಬರು ಗುಂಡಿ. ಹಲಗೆ ಜರುಗಿತು. ಮೊದಲ ಸಪ್ಪಳಕ್ಕೇ ಅವನ ಮೈ ಹಿಡಿಯಾಯಿತು. ಇಷ್ಟು ದಿನ ಕಲಿತದ್ದೆಲ್ಲ ಎಲ್ಲಿ ಹೋಯಿತು? ಎದೆ ಎದ್ದಿತು, ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಕೊಡಬೇಡ ಎಂದು ಒಳಗಿನ ದನಿ ಅಂದಿತು, ಒತ್ತು, ಯಾರೂ ಏನೂ ಅನ್ನುವುದಿಲ್ಲ, ಎಲ್ಲರಿಗೂ ಆಗುವುದಿಲ್ಲ ಅದು. ಅವನು ತುಟಿ ಚೂಪು ಮಾಡಿದ. ಬಿಟ್ಟ. ಉಸಿರು ತುಂಡಾಗಿ, ನಡುಗುತ್ತಾ, ಅಳುವವರ ಉಸಿರಿನಂತೆ ಹೊರಟಿತು. ಇನ್ನೊಮ್ಮೆ ಬಿಟ್ಟ. ಕಮಾನು ಇಳಿಯಿತು. ಇಳಿಯಲಿ, ಎಂದುಕೊಂಡ. ಇಳಿದು ಮೂಗಿಗೆ ತಾಗಲಿ. ಅದು ತಾಗಲಿಲ್ಲ. ಹೆಡ್‌ಫೋನಿನಲ್ಲಿ ಒಬ್ಬ ಹುಡುಗಿಯ ದನಿ ತೆಲುಗಿನಲ್ಲಿ ಹೇಳಿತು: ಊಪಿರಿ ತೀಸುಕೋಂಡಿ, ಉಸಿರು ತೆಗೆದುಕೊಳ್ಳಿ. ವದಲಂಡಿ, ಬಿಡಿ. ಆಪಂಡಿ, ಹಾಗೇ ನಿಲ್ಲಿಸಿ. ಅವನು ಪೂರ್ತಿ ಬಿಟ್ಟು, ಖಾಲಿಯಾಗಿ, ಆ ಖಾಲಿಯಲ್ಲಿ ನಿಂತ. ಸುತ್ತಲೂ ಯಾರೋ ಕಬ್ಬಿಣದ ಬಾಗಿಲನ್ನು ಬಡಿಯುತ್ತಿದ್ದರು. ಗಾಳಿಯೇ ಇಲ್ಲದ ಆ ಕೆಲವು ಕ್ಷಣಗಳಲ್ಲಿ ಭಯವೂ ಇತ್ತು, ಅವನೂ ಇದ್ದ. ಎರಡೂ ಬೇರೆ ಬೇರೆ ಎಂದು ಅವನಿಗೆ ಕಂಡಿತು. ಭಯ ಒಂದು ಮೂಲೆಯಲ್ಲಿ ಕಿವುಡ ಮುದುಕನ ಹಾಗೆ ಕೂತು ತನ್ನದೇ ಮಾತು ಆಡುತ್ತಿತ್ತು. ಆ ಮುದುಕನಿಗೆ ತಮ್ಮನ ಗೊಡವೆಯೇ ಇರಲಿಲ್ಲ. ಕೊಡುವುದು ಬಿಡುವುದು ಅವನಿಗೆ ಗೊತ್ತೇ ಇರಲಿಲ್ಲ. ಅವನಿಗೆ ಬೇಕಾದದ್ದು ಬಾಗಿಲು ಮಾತ್ರ. ಊಪಿರಿ ತೀಸುಕೋಂಡಿ ಎಂದಿತು ದನಿ. ಶ್ರೀಪಾದ ತೆಗೆದುಕೊಂಡ. ಹೀಗೆ ಎಷ್ಟು ಸಲವೋ. ಹಲಗೆ ಹೊರಗೆ ಜರುಗಿದಾಗ ಕಣ್ಣಿನ ನೀರು ಎರಡೂ ಕಿವಿಗೆ ಇಳಿದಿತ್ತು. ಗುಂಡಿ ಕೈಯಲ್ಲೇ ಇತ್ತು.

ಅದರ ಮಾರನೆಯ ದಿನ ಡಾಕ್ಟರ್ ರಾಮ್‌ಪ್ರಸಾದ್ ಅವನನ್ನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ನಾಳಗಳೆಲ್ಲ ಹೊಂದುತ್ತವೆ, ಚಿತ್ರಗಳು ಚೆನ್ನಾಗಿ ಬಂದಿವೆ ಎಂದರು. ಆಪರೇಷನ್ನಿನಲ್ಲಿ ಏನೇನು ಕೆಡಬಹುದು, ಕೊಡುವವರ ಜೀವಕ್ಕೂ ಅಪರೂಪಕ್ಕೆ ಅಪಾಯ ಆಗುವುದುಂಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶ್ರೀಪಾದ ಗಾರೂ, ನಿಮಗೆ ಮನಸ್ಸಿಲ್ಲದಿದ್ದರೆ ಈಗ ಹೇಳಿ. ಇವರು ದಾನಿಯಾಗಲು ತಕ್ಕವರಲ್ಲ ಎಂದಷ್ಟೇ ನಾನು ಮನೆಯವರಿಗೆ ಹೇಳುತ್ತೇನೆ. ಕಾರಣ ಹೇಳುವುದಿಲ್ಲ. ನಿಮ್ಮ ತಮ್ಮನಿಗೂ ಗೊತ್ತಾಗುವುದಿಲ್ಲ, ನಿಮ್ಮ ಹೆಂಡತಿಗೂ."

ಇಷ್ಟು ಸುಲಭವಾಗಿ ಬಾಗಿಲು ತೆರೆದುಕೊಳ್ಳುತ್ತದೆಂದು ಅವನು ಎಣಿಸಿರಲಿಲ್ಲ. ಮೂಲೆಯ ಮುದುಕ ಎದ್ದು ನಿಂತ. ಹೋಗು, ಹೋಗು ಎಂದ. ಶ್ರೀಪಾದ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಲಿಲ್ಲ, ತುಟಿ ಚೂಪು ಮಾಡಲಿಲ್ಲ. "ನನಗೆ ಭಯ ಇದೆ ಡಾಕ್ಟರೇ" ಎಂದ, ತನ್ನ ಮುರುಕು ತೆಲುಗಿನಲ್ಲಿ. "ಮನಸ್ಸೂ ಇದೆ. ಕೊಡುತ್ತೇನೆ." ಮಾತು ಸಣ್ಣದಾಗಿ ಬಂತು. ಆದರೆ ಕ್ಯಾಂಟೀನಿನ ಹೊರಗೆ ಅಂದ ಆತು ಇದಾಗಿರಲಿಲ್ಲ. ಸಂಜೆಯವರೆಗೆ ಯೋಚಿಸಿ, ಬಂದು ಸಹಿ ಮಾಡಿ ಎಂದರು ಡಾಕ್ಟರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ದಾಕ್ಷಾಯಣಿ ಕೂತಿದ್ದಳು. ಅವನು ನಗುತ್ತಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಅಪಾಯದ ಮಾತು ಹೇಳಿದ, ಡಾಕ್ಟರು ಒಡ್ಡಿದ ನೆಪವನ್ನು ಹೇಳಿದ, ತಾನು ಅಂದದ್ದನ್ನು ಹೇಳಿದ. ಹೇಳುವಾಗ ಅವನಿಗೆ ಎದೆ ತುಂಬಿ ಬಂದಿತ್ತು, ಅವಳು ಮೆಚ್ಚುತ್ತಾಳೆಂದು. ಅವಳು ಎದುರಿನ ಗೋಡೆ ನೋಡುತ್ತಿದ್ದಳು.

"ವಿನಯ ಒಂದ್ ಮಾತು ಕೇಳ್ಲಿಲ್ಲ, ಕೇಳ್ಲಿಲ್ಲ ಅಂತ ಇಷ್ಟು ದಿನ ಕೊರಗಿದ್ರಿ" ಎಂದಳು ಕೊನೆಗೆ. "ನನಗ ಯಾರ್ ಕೇಳಿದ್ರಿ?"

ಅವನು ಬೆಂಚಿನ ಮೇಲೆ ಅವಳ ಕಡೆ ತಿರುಗಿ ಕೂತ.

"ತಾಟು ಬಡದೆ. ಲಾಡಿ ಕಟ್ಟಿದೆ. ನಿಮ್ಮನ್ನ ಅಲ್ಲಿ ಕೊಯ್ಯಾಕ ಹಾಕಿದಾಗ ಹೊರಗ ಕೂಡಾಕಿ ನಾನ ಅಲ್ಲೇನು? ದಾಕ್ಷಾಯಣಿ, ನೀ ಏನಂತಿ ಅಂತ ಒಂದ್ ಮಾತು..." ಅವಳ ದನಿ ಏರಲಿಲ್ಲ. ಅದೇ ಅವನನ್ನು ಕಲಕಿತು. ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಅವಳು ನೋಡುತ್ತಿದ್ದದ್ದು ಯಾವ ಗೋಡೆ ಎಂದು ಈಗ ಗೊತ್ತಾಯಿತು. ತನ್ನ ಉಸಿರನ್ನು ಕೇಳಿಸಿಕೊಳ್ಳುವ ಭರದಲ್ಲಿ ಅವನು ಪಕ್ಕದ ಉಸಿರನ್ನೇ ಕೇಳಿರಲಿಲ್ಲ.

"ಈಗ ಕೇಳ್ತೀನಿ" ಎಂದ. "ನೀ ಏನಂತಿ?"

"ಒಲ್ಲೆ ಅಂದ್ರ?"

ಯಂತ್ರದೊಳಗೆ ಆದದ್ದಕ್ಕಿಂತ ದೊಡ್ಡದೊಂದು ಅವನ ಎದೆಯ ಮೇಲೆ ಇಳಿಯಿತು. ತಮ್ಮನ ಹಳದಿ ಕಣ್ಣು ಎದುರಿಗೆ ಬಂತು. ಬೆಂಚಿನ ಅಂಚನ್ನು ಹಿಡಿದುಕೊಂಡ. ಸುಳ್ಳು ಹೇಳಬಹುದಿತ್ತು, ಸಮಾಧಾನ ಹೇಳಬಹುದಿತ್ತು. "ಒಲ್ಲೆ ಅಂದ್ರ, ಸಂಜಿ ತನಕ ನಿನ್ನ ಕೂಡ ಜಗಳಾಡ್ತೀನಿ" ಎಂದ. "ಆಮ್ಯಾಲೂ ಒಲ್ಲೆ ಅಂದ್ರ ಒಳಗ ಹೋಗಿ ಹೇಳ್ತೀನಿ. ನೆಪ ಹೇಳಂಗಿಲ್ಲ. ವಿನಯನ ಮುಂದ ನಾನ ಹೋಗಿ, ನಾವು ಒಲ್ಲೆವು ಅಂತೀನಿ."

ಅವಳು ಮೊದಲ ಸಲ ತಿರುಗಿ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಸ್ಟ್ರೆಚರೊಂದು ಅವರ ಮುಂದೆ ಹಾದು ಲಿಫ್ಟಿನ ಕಡೆ ಹೋಯಿತು. ಯಾರದೋ ಹೆಸರು ಮೈಕಿನಲ್ಲಿ ಕೂಗಿದರು. ಅವಳು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು ಎದ್ದಳು.

"ಏಳ್ರಿ. ಮನಿಯಾಗ ಅಂವಗ ಊಟದ ಹೊತ್ತಾತು" ಎಂದಳು. "ಇಬ್ಬರೂ ಕೂಡಿ ಕೊಡ್ತೀವಿ ಅಂತ ನಾ ಹೇಳ್ತೀನಿ ವಿನಯಗ. ನೀವು ನಡುವ ಬಾಯಿ ಹಾಕಬ್ಯಾಡ್ರಿ."

ಅವಳು ಮುಂದೆ ನಡೆದಳು. ಅವನು ಎದ್ದು ಅವಳ ಹಿಂದೆ ಮೆಟ್ಟಿಲು ಇಳಿದ.